ಅಕ್ರಿಂಗ್ಟನ್ನಿನ ಮೇಷ್ಟರು

ಇಂಗ್ಲೆಂಡಿನ ಕಾಲ್ಚೆಂಡಾಟವೆಂದೊಡನೆ ನಮ್ಮ ಮನೆಗಳ ಹುಡುಗರ ಬಾಯಲ್ಲಿ ಬರುವ ಹೆಸರುಗಳು ನಾಲ್ಕೈದು ಮಾತ್ರ. ಮ್ಯಾಂಚೆಸ್ಟರ್, ಲಿವರ್‌ಪೂಲ್, ಆರ್ಸೆನಲ್, ಚೆಲ್ಸಿ, ಇಷ್ಟಾದರೆ ಮುಗಿಯಿತು. ಇವು ಕೋಟ್ಯಧೀಶರ ಸಂಘಗಳು. ಇವುಗಳ ವಿಚಾರವಾಗಿ ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ನಾವು ಅವರ ಸಾಲಿಗೆ ಸೇರಬೇಕಾದ ಅವಶ್ಯಕತೆ ಕಾಣುವುದಿಲ್ಲ. ಇವುಗಳ ಕೆಳಗೆ, ಏಣಿಯ ಮೆಟ್ಟಿಲುಗಳಂತೆ, ಒಂದರ ಕೆಳಗೊಂದು ದರ್ಜೆಗಳಲ್ಲಿ ನೂರಾರು ಸಣ್ಣ ಸಂಘಗಳಿವೆ. ಅಂಥ ಒಂದು ಸಂಘವನ್ನೂ, ಅದನ್ನು ಸುಮಾರು ಇಪ್ಪತ್ತೆರಡು ವರ್ಷ ನಡೆಯಿಸಿದ ಒಬ್ಬ ಮನುಷ್ಯನನ್ನೂ ಕುರಿತು ಇಲ್ಲಿ ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ಸಂಘದ ಹೆಸರು ಅಕ್ರಿಂಗ್ಟನ್ ಸ್ಟಾನ್ಲಿ. ಮನುಷ್ಯನ ಹೆಸರು ಜಾನ್ ಕೋಲ್ಮನ್.

ಮೊದಲು ಊರಿನ ವಿಚಾರ. ಅಕ್ರಿಂಗ್ಟನ್ ಎಂಬುದು ಲಂಕಾಷೈರಿನ ಬೆಟ್ಟಗಳ ನಡುವಣ ಒಂದು ಹತ್ತಿಗಿರಣಿಯ ಪಟ್ಟಣ. ಜನಸಂಖ್ಯೆ ಸುಮಾರು ಮೂವತ್ತೈದು ಸಾವಿರ. ಒಂದು ಕಾಲದಲ್ಲಿ ಈ ಊರಿನ ನೂಲುವ ಯಂತ್ರಗಳೂ ಗಟ್ಟಿಯಾದ ಕೆಂಪು ಇಟ್ಟಿಗೆಗಳೂ ಬಹುದೂರ ಹೋಗುತ್ತಿದ್ದುವು. ಒಂದನೆಯ ಮಹಾಯುದ್ಧದಲ್ಲಿ ಈ ಊರಿನ ಮತ್ತು ಸುತ್ತಮುತ್ತಣ ತರುಣರೆಲ್ಲ ಒಂದೇ ದಳವಾಗಿ ಸೇರಿ ಫ್ರಾನ್ಸಿಗೆ ಹೋದರು. ೧೯೧೬ನೆಯ ಇಸವಿ ಜುಲೈ ಒಂದನೆಯ ತಾರೀಖು ಸೆರ್ ಎಂಬ ಹಳ್ಳಿಯೆದುರು ಮುನ್ನುಗ್ಗಿದವರು ಸುಮಾರು ಏಳು ನೂರು ಮಂದಿ. ಸತ್ತವರು, ಗಾಯಗೊಂಡವರು, ಕಾಣದೆ ಹೋದವರು ಸೇರಿ ೫೮೪. ಊರಿನಲ್ಲಿ ತೆರೆ ಎಳೆಯದ ಕಿಟಕಿಯೇ ಇರಲಿಲ್ಲವೆನ್ನಬಹುದು. ಗಿರಣಿಗಳು ಮುಚ್ಚಿದ ಮೇಲೆ ಇಂಥ ಊರಿಗೆ ತನ್ನದೆಂದು ಹೇಳಿಕೊಳ್ಳಲು ಉಳಿಯುವುದು ಏನು? ಒಂದು ಮಾರುಕಟ್ಟೆ, ಒಂದೆರಡು ದೇವಾಲಯ, ಶನಿವಾರ ಮಧ್ಯಾಹ್ನದ ಆಟ.

ಆಟದಲ್ಲಿಯೂ ಈ ಊರಿಗೆ ಅದೃಷ್ಟ ಸಾಲದು. ೧೮೮೮ರಲ್ಲಿ ಜಗತ್ತಿನ ಮೊತ್ತಮೊದಲನೆಯ ಫುಟ್‌ಬಾಲ್ ಲೀಗು ಸ್ಥಾಪಿತವಾದಾಗ ಅದರ ಹನ್ನೆರಡು ಸಂಸ್ಥಾಪಕರಲ್ಲಿ ಅಕ್ರಿಂಗ್ಟನ್ ಎಂಬ ಸಂಘವೂ ಒಂದು. ಕೆಲವೇ ವರ್ಷಗಳಲ್ಲಿ ಅದು ನಿಂತುಹೋಯಿತು. ಅದರ ಸ್ಥಾನಕ್ಕೆ ಬೆಳೆದದ್ದು ೧೮೯೧ರಲ್ಲಿ ಹುಟ್ಟಿದ ಬೇರೊಂದು ಸಂಘ, ಸ್ಟಾನ್ಲಿ. ಇದು ೧೯೨೧ರಲ್ಲಿ ಲೀಗಿಗೆ ಸೇರಿ ನಾಲ್ಕು ದಶಕ ಹೇಗೋ ಬದುಕಿತು. ೧೯೬೨ರ ಮಾರ್ಚಿಯಲ್ಲಿ ಸಾಲ ತಾಳಲಾರದೆ, ಋತುವಿನ ನಟ್ಟನಡುವೆ, ಲೀಗಿಗೆ ರಾಜೀನಾಮೆಯ ಕಾಗದ ಬರೆಯಿತು. ಬರೆದ ಮೇಲೆ ಮನಸ್ಸು ಬದಲಾಗಿ ಕಾಗದವನ್ನು ಹಿಂದಕ್ಕೆ ಕೊಡಿರೆಂದು ಬೇಡಿಕೊಂಡರೂ ಲೀಗಿನ ಕಾರ್ಯದರ್ಶಿಯಾಗಿದ್ದ ಆಲನ್ ಹಾರ್ಡೇಕರರು ಒಪ್ಪಲಿಲ್ಲ. ಆ ವರ್ಷ ಸ್ಟಾನ್ಲಿ ಆಡಿದ್ದ ಆಟಗಳನ್ನೆಲ್ಲ ಪಟ್ಟಿಯಿಂದ ಅಳಿಸಿಹಾಕಿದರು. ಅದರ ಜಾಗಕ್ಕೆ ಆಕ್ಸ್‌ಫರ್ಡ್ ಯುನೈಟೆಡ್ ಎಂಬ ಸಂಘವನ್ನು ಚುನಾಯಿಸಿದರು. ಈ ಹೆಸರನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ. ಹಳೆಯ ಸಂಘ ೧೯೬೬ರಲ್ಲಿ ಸಂಪೂರ್ಣವಾಗಿ ಕಣ್ಮುಚ್ಚಿತು. ಊರಿನ ಕೆಲವರು ೧೯೬೮ರಲ್ಲಿ ಅದೇ ಹೆಸರಿನಿಂದ ಹೊಸದೊಂದನ್ನು ಕಟ್ಟಿ, ಏಣಿಯ ಬುಡದಿಂದ ಪುನಃ ಮೊದಲುಮಾಡಿದರು. ಆದರೆ ದೇಶದಲ್ಲಿ ಆ ಹೆಸರು ಹಾಸ್ಯಕ್ಕೆ ಗುರಿಯಾಯಿತು. ೧೯೮೦ರ ದಶಕದ ಕೊನೆಯಲ್ಲಿ ದೂರದರ್ಶನದಲ್ಲಿ ಹಾಲಿನ ಜಾಹೀರಾತೊಂದು ಬರುತ್ತಿತ್ತು. ಹಾಲು ಕುಡಿಯದಿದ್ದರೆ ಅಕ್ರಿಂಗ್ಟನ್ ಸ್ಟಾನ್ಲಿಯಲ್ಲಿ ಆಡುವುದಕ್ಕೆ ಮಾತ್ರ ಯೋಗ್ಯನಾಗುವೆ ಎಂದು ಒಬ್ಬ ಹುಡುಗ, ಅದು ಯಾವುದೆಂದು ಕೇಳುವ ಇನ್ನೊಬ್ಬ ಹುಡುಗ! ಊರಿನವರು ಇದನ್ನು ನಗುತ್ತಲೇ ಸಹಿಸಿದರು.

ಇನ್ನು ಕೋಲ್ಮನ್ನರ ವಿಚಾರಕ್ಕೆ ಬರೋಣ. ಹಳೆಯ ಸಂಘ ಲೀಗನ್ನು ಬಿಟ್ಟ ೧೯೬೨ನೆಯ ಇಸವಿಯಲ್ಲಿಯೇ ಅವರು ಹುಟ್ಟಿದ್ದು. ಲಿವರ್‌ಪೂಲಿನ ಕಡೆಯವರು; ವೃತ್ತಿಯಿಂದ ಶಾಲಾ ಉಪಾಧ್ಯಾಯರು. ಲೀಗಿನ ಹೊರಗಣ ಸಣ್ಣ ಸಂಘಗಳಲ್ಲಿ ವರ್ಷಗಟ್ಟಲೆ ಆಡಿ ನೂರಾರು ಗೋಲು ಹೊಡೆದವರು. ಆದರೂ ಲೀಗಿನಲ್ಲಿ ಹೆಸರುಮಾಡುವ ಯೋಗ ಒದಗಲಿಲ್ಲ. ೧೯೯೯ರಲ್ಲಿ ಸ್ಟಾನ್ಲಿಯ ಅಧ್ಯಕ್ಷರಾಗಿದ್ದ ಎರಿಕ್ ವಾಲಿಯವರು ಈ ಮೇಷ್ಟರನ್ನು ಕರೆದು ಮ್ಯಾನೇಜರಿಕೆಯನ್ನು ಒಪ್ಪಿಸಿದರು. ಕೋಲ್ಮನ್ನರು ತಮ್ಮ ಗೆಳೆಯ ಜಿಮ್ಮಿ ಬೆಲ್ಲರನ್ನು ಸಹಾಯಕರನ್ನಾಗಿ ಜೊತೆಗೆ ತಂದರು. ಆಗತಾನೆ ಸಂಘ ಇನ್ನೊಂದು ಮೆಟ್ಟಿಲು ಜಾರಿ ಏಳನೆಯ ದರ್ಜೆಗೆ ಬಿದ್ದಿತ್ತು.

ಮ್ಯಾನೇಜರೆಂದರೆ ನಮ್ಮಲ್ಲಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆಯೋ ಬ್ಯಾಂಕಿನ ಕೊಠಡಿಯಲ್ಲಿಯೋ ಕುಳಿತವರು ನೆನಪಿಗೆ ಬರುತ್ತಾರೆ. ಇಂಗ್ಲಿಷರ ಆಟದಲ್ಲಿ ಈ ಮಾತಿಗೆ ಅರ್ಥ ಬೇರೆ. ಆಟಗಾರರನ್ನು ಹುಡುಕುವವನು ಅವನು, ಕಲಿಸುವವನು ಅವನು, ಶನಿವಾರ ಯಾರು ಆಡಬೇಕು, ಯಾರು ಕುಳಿತಿರಬೇಕು ಎಂದು ಹೇಳುವವನೂ ಅವನೇ. ಸೋತರೆ ಬೈಗುಳವೂ ಅವನ ಪಾಲಿಗೆ. ಸಣ್ಣ ಸಂಘದ ಮ್ಯಾನೇಜರನಿಗೆ ಇದರ ಮೇಲೆ ಬಡವರ ಮನೆಯ ಹಿರಿಯಣ್ಣನ ಪಾಡೂ ಉಂಟು: ಇರುವ ನಾಲ್ಕು ಕಾಸಿನಲ್ಲಿ ಎಲ್ಲರ ಹೊಟ್ಟೆಯನ್ನೂ ನೋಡಬೇಕು, ಮನೆಯಲ್ಲಿ ಒಬ್ಬ ಸಮರ್ಥನಾದೊಡನೆ ಅವನನ್ನು ದೊಡ್ಡವರು ಕರೆದುಕೊಂಡು ಹೋಗುವುದನ್ನು ನೋಡುತ್ತ ನಿಲ್ಲಬೇಕು. ಅಕ್ರಿಂಗ್ಟನ್ನಿಗೆ ಪೂರ್ವಕ್ಕೆ ಕೆಲವೇ ಮೈಲಿಗಳಲ್ಲಿ ಬರ್ನ್ಲಿ, ಪಶ್ಚಿಮಕ್ಕೆ ಬ್ಲಾಕ್‌ಬರ್ನ್. ಎರಡೂ ಹೆಸರಾಂತ ಸಂಘಗಳು. ಊರಿನ ಮಗು ಚೆಂಡನ್ನು ಚೆನ್ನಾಗಿ ಒದೆಯಿತೆಂದರೆ ಅತ್ತ ಇತ್ತ ಎಳೆಯುವವರು ಬಹಳ. ನೋಡುವ ಜನವೂ ಅತ್ತಕಡೆಗೇ ಹೋಗುತ್ತಾರೆ. ಸ್ಟಾನ್ಲಿಯ ಅಂಗಳಕ್ಕೆ ಬರುವವರು ಲೀಗಿನ ದಿನಗಳಲ್ಲಿಯೂ ಸಾಮಾನ್ಯವಾಗಿ ಒಂದೂವರೆ, ಎರಡು ಸಾವಿರ. ಅಂಗಳ ಹಿಡಿಸುವುದೇ ಐದು ಸಾವಿರ ಚಿಲ್ಲರೆ.

ಮೇಷ್ಟರ ಉಪಾಯ ಸರಳವಾದುದು. ದೊಡ್ಡ ಸಂಘಗಳು ಬೇಡವೆಂದು ಬಿಟ್ಟ ಹುಡುಗರನ್ನೂ, ತಮ್ಮಂತೆಯೇ ಲೀಗಿನ ಹೊರಗೆ ಆಡಿ ಯಾರ ಕಣ್ಣಿಗೂ ಬೀಳದವರನ್ನೂ ಅವರು ಆರಿಸಿಕೊಂಡರು. ಬೆಲೆಗೆ ಕೊಳ್ಳುವ ಶಕ್ತಿಯಿಲ್ಲದವನು ಇನ್ನೇನು ಮಾಡಬಲ್ಲ? ಆದರೆ ಹೆದರಿ ಗೋಲಿನ ಮುಂದೆ ಗೋಡೆ ಕಟ್ಟಿ ನಿಲ್ಲುವ ಆಟ ಅವರಿಗೆ ರುಚಿಸದು; ಮುನ್ನುಗ್ಗಿ ಗೋಲು ಹೊಡೆಯಬೇಕು, ಹೊಡೆಯಿಸಿಕೊಂಡರೂ ಚಿಂತೆಯಿಲ್ಲ. ಪಾಲ್ ಮಲ್ಲಿನ್ ಎಂಬ ಎತ್ತರದ ಆಟಗಾರ ೨೦೦೦ದಲ್ಲಿ ಹೀಗೆ ಬಂದವನು. ಕೆಳಗಿನ ದರ್ಜೆಗಳಿಂದ ಲೀಗಿನವರೆಗೆ ಸಂಘದ ಜೊತೆಯಲ್ಲಿಯೇ ಹತ್ತಿದ. ೨೦೦೦ದಲ್ಲಿ ಆ ದರ್ಜೆಯ ಪ್ರಥಮ ಸ್ಥಾನ, ೨೦೦೩ರಲ್ಲಿ ಮೇಲಿನ ದರ್ಜೆಯ ಪ್ರಥಮ ಸ್ಥಾನ. ಅದೇ ವರ್ಷದ ಕೊನೆಗೆ ಎಫ್. ಎ. ಕಪ್ಪಿನಲ್ಲಿ ಲೀಗಿನ ಸಂಘವಾದ ಹಡರ್ಸ್‌ಫೀಲ್ಡನ್ನು ಸೋಲಿಸಿ ಮೂರನೆಯ ಸುತ್ತಿನವರೆಗೆ ಹೋದರು. ೨೦೦೬ರ ಏಪ್ರಿಲ್‌ನಲ್ಲಿ ಐದನೆಯ ದರ್ಜೆಯನ್ನೂ ಗೆದ್ದು, ನಲವತ್ತನಾಲ್ಕು ವರ್ಷಗಳ ಮೇಲೆ ಸ್ಟಾನ್ಲಿ ಎಂಬ ಹೆಸರನ್ನು ಲೀಗಿನ ಪಟ್ಟಿಯಲ್ಲಿ ಪುನಃ ಬರೆಯಿಸಿದರು. ಆ ವರ್ಷ ಲೀಗಿನಿಂದ ಕೆಳಕ್ಕೆ ಬಿದ್ದ ಸಂಘಗಳಲ್ಲಿ ಒಂದು ಯಾವುದೆಂದು ವಾಚಕರು ಊಹಿಸಿಯೇ ಇರಬಹುದು. ಆಕ್ಸ್‌ಫರ್ಡ್ ಯುನೈಟೆಡ್! ಕತೆಗಾರನೊಬ್ಬ ಹೀಗೆ ಬರೆದಿದ್ದರೆ ನಾವು ನಂಬುತ್ತಿರಲಿಲ್ಲ.

ಬಡವನಿಗೆ ಮೇಲುಮಹಡಿಯ ಬಾಡಿಗೆ ಕಷ್ಟ. ಲೀಗಿನ ಕೊನೆಯ ದರ್ಜೆಯಲ್ಲಿ, ಅಂದರೆ ಒಟ್ಟು ತೊಂಬತ್ತೆರಡು ಸಂಘಗಳ ಕೊನೆಯ ಇಪ್ಪತ್ತನಾಲ್ಕರಲ್ಲಿ, ಮೊದಲ ವರ್ಷ ಇಪ್ಪತ್ತನೆಯ ಸ್ಥಾನದಿಂದ ಪಾರಾದರು. ಆಮೇಲೆ ಹದಿನೇಳು, ಹದಿನಾರು, ಹದಿನೈದು. ವರ್ಷಕ್ಕೊಂದು ಹೆಜ್ಜೆಯಂತೆ ಏರಿದರು. ಈ ನಡುವೆ ಎರಡು ಪೆಟ್ಟುಗಳು ಬಿದ್ದುವು. ೨೦೦೮ರ ಮೇ ತಿಂಗಳಲ್ಲಿ ಬರಿ ಎಂಬ ನೆರೆಯ ಸಂಘದೊಡನೆ ನಡೆದ ಋತುವಿನ ಕೊನೆಯ ಆಟದಲ್ಲಿ ತಮ್ಮ ತಂಡವೇ ಸೋಲುವುದೆಂದು ಪಂದ್ಯ ಕಟ್ಟಿದ ಆರೋಪ ಸ್ಟಾನ್ಲಿಯ ನಾಲ್ವರು ಆಟಗಾರರ ಮೇಲೆ ಬಂದು, ೨೦೦೯ರಲ್ಲಿ ಅವರಿಗೆ ಆಟದಿಂದ ಬಹಿಷ್ಕಾರವಾಯಿತು. ಆ ಆಟದಲ್ಲಿ ಸ್ಟಾನ್ಲಿ ಸೋತಿತ್ತು. ಶಿಷ್ಯರನ್ನು ಮಕ್ಕಳಂತೆ ನೋಡಿಕೊಂಡ ಉಪಾಧ್ಯಾಯನಿಗೆ ಇದಕ್ಕಿಂತ ಕಹಿಯಾದುದು ಬೇರೊಂದಿರಲಾರದೆಂದು ನಮ್ಮ ಎಣಿಕೆ. ಎರಡನೆಯದು, ತೆರಿಗೆಯ ಬಾಕಿ. ಮೂರು ಲಕ್ಷ ಪೌಂಡಿಗೂ ಮೀರಿದ ಬಾಕಿಯನ್ನು ಕಟ್ಟದಿದ್ದರೆ ಸಂಘವನ್ನು ಮುಚ್ಚಿಸುವೆವೆಂದು ಸರಕಾರದವರು ೨೦೦೯ರಲ್ಲಿ ನ್ಯಾಯಾಲಯಕ್ಕೆ ಹೋದರು. ಊರಿನವರು ಬಕೆಟ್ಟು ಹಿಡಿದು ಬೀದಿಯಲ್ಲಿ ಚಂದಾ ಎತ್ತಿದರು. ಕೊನೆಗೆ ಆ ಪ್ರಾಂತದಲ್ಲಿ ಬೆಳೆದ ಇಲಿಯಾಸ್ ಖಾನ್ ಎಂಬ ಶ್ರೀಮಂತರು ಕೈಹಿಡಿದು ಸಂಘವನ್ನು ಉಳಿಸಿದರು. ಒಂದು ಸಲ ಸತ್ತುಹುಟ್ಟಿದ ಮನೆತನವು ಎರಡನೆಯ ಸಲ ಸಾಯುವುದರಲ್ಲಿತ್ತು. ಆ ಚಳಿಗಾಲದಲ್ಲಿಯೇ ಕೋಲ್ಮನ್ನರ ಹುಡುಗರು ಕಪ್ಪಿನ ನಾಲ್ಕನೆಯ ಸುತ್ತಿಗೆ ಹೋಗಿ, ೨೦೧೦ರ ಜನವರಿಯಲ್ಲಿ ಫುಲಮ್ ಎಂಬ ಮೇಲುದರ್ಜೆಯ ಸಂಘಕ್ಕೆ ಒಂದಕ್ಕೆ ಮೂರರಂತೆ ಸೋತರು. ಸೋತರೂ ಟಿಕೆಟ್ಟಿನ ಹಣ ಬಂತು.

೨೦೧೧ರಲ್ಲಿ ಐದನೆಯ ಸ್ಥಾನ. ಆ ದರ್ಜೆಯಲ್ಲಿ ಮೊದಲ ಮೂವರು ನೇರವಾಗಿ ಮೇಲೆ ಹೋಗುತ್ತಾರೆ; ಮುಂದಿನ ನಾಲ್ವರು ತಮ್ಮತಮ್ಮೊಳಗೆ ಆಡಿ ಗೆದ್ದವನೊಬ್ಬ ಹೋಗುತ್ತಾನೆ. ಸ್ಟೀವನೇಜ್ ಎಂಬ ಸಂಘ ಸ್ಟಾನ್ಲಿಯನ್ನು ಸೋಲಿಸಿ ಮೇಲಕ್ಕೆ ಹೋಯಿತು. ಮುಂದಿನ ಜನವರಿಯಲ್ಲಿ, ಹನ್ನೆರಡೂವರೆ ವರ್ಷಗಳ ಮೇಲೆ, ಕೋಲ್ಮನ್ನರು ಬೆಲ್ಲರೊಡನೆ ಅಕ್ರಿಂಗ್ಟನ್ನನ್ನು ಬಿಟ್ಟು ಹತ್ತಿರದಲ್ಲಿಯೇ ಇರುವ, ಒಂದು ದರ್ಜೆ ಮೇಲಿನ ರಾಚ್‌ಡೇಲಿಗೆ ಹೋದರು.

ಇದು ಸರಿಯೆ ತಪ್ಪೆ ಎಂದು ಚರ್ಚಿಸುವವರು ಉಂಟು. ಮನೆಯ ಹಿರಿಯ ಮಗ ವೃದ್ಧ ತಂದೆತಾಯಿಗಳನ್ನು ಊರಿನಲ್ಲಿ ಬಿಟ್ಟು ಹೆಚ್ಚಿನ ಸಂಬಳಕ್ಕೆ ಬೊಂಬಾಯಿಗೆ ಹೋದಂತೆ ಎಂದು ಕೆಲವರು ನೊಂದುಕೊಳ್ಳಬಹುದು. ನಮಗೆ ಹಾಗೆ ತೋರುವುದಿಲ್ಲ. ಹನ್ನೆರಡು ವರ್ಷ ಒಬ್ಬರ ಚಾಕರಿ ಮಾಡಿದವನು ತನ್ನ ಶಕ್ತಿ ಬೇರೆ ನೆಲದಲ್ಲಿಯೂ ಫಲಿಸುವುದೇ ಎಂದು ಪರೀಕ್ಷಿಸಿಕೊಳ್ಳುವುದರಲ್ಲಿ ಕೃತಘ್ನತೆಯೇನೂ ಇಲ್ಲ. ಆದರೆ ಫಲಿಸಲಿಲ್ಲ. ರಾಚ್‌ಡೇಲು ಆ ವಸಂತದಲ್ಲಿಯೇ ಕೆಳಗೆ ಬಿತ್ತು. ವರ್ಷ ತುಂಬಿದೊಡನೆ, ೨೦೧೩ರ ಜನವರಿಯಲ್ಲಿ, ಅವರನ್ನು ಕೆಲಸದಿಂದ ತೆಗೆದರು. ಅಲ್ಲಿಂದ ತಾವು ಹಿಂದೆ ಆಡಿದ್ದ ಸೌತ್‌ಪೋರ್ಟಿಗೆ; ಅಲ್ಲಿ ಕೆಲವು ತಿಂಗಳು. ೨೦೧೪ರ ಬೇಸಗೆಯಲ್ಲಿ ಸಮುದ್ರ ದಾಟಿ ಐರ್ಲೆಂಡಿನ ಸ್ಲೈಗೋ ರೋವರ್ಸ್ ಸಂಘಕ್ಕೆ. ಮೇಷ್ಟರ ದಿನಗಳು ಮುಗಿದವೆಂದು ಜನ ಹೇಳತೊಡಗಿದರು.

ಇತ್ತ ಅಕ್ರಿಂಗ್ಟನ್ನಿಗೂ ಅವರಿಲ್ಲದೆ ಒಳಿತಾಗಲಿಲ್ಲ. ಎರಡೂವರೆ ವರ್ಷಗಳಲ್ಲಿ ಮೂವರು ಮ್ಯಾನೇಜರುಗಳು ಬಂದು ಹೋದರು. ಸಂಘ ಪಟ್ಟಿಯ ತಳದಲ್ಲಿ ತೊಳಲಾಡಿತು. ೨೦೧೪ರ ಸೆಪ್ಟೆಂಬರಿನಲ್ಲಿ ಕರೆ ಹೋಯಿತು, ಕೋಲ್ಮನ್ನರು ಬಂದರು. ನಮ್ಮಲ್ಲಿ ಕೆಲಸ ಬಿಟ್ಟುಹೋದವರು ಹಳೆಯ ಯಜಮಾನನ ಬಾಗಿಲಿಗೆ ಪುನಃ ಬರುವುದೆಂದರೆ ಬಹಳ ಸಂಕೋಚ. ಕರೆಯುವ ಯಜಮಾನನಿಗೂ ಅಷ್ಟೇ ಬಿಗುಮಾನ. ಇಲ್ಲಿ ಎರಡು ಕಡೆಯವರೂ ಅದನ್ನು ಕಟ್ಟಿಟ್ಟರು. ಮಾರನೆಯ ವರ್ಷ ಆಂಡಿ ಹೋಲ್ಟ್ ಎಂಬ ಸ್ಥಳೀಯ ಉದ್ಯಮಿ ಸಂಘವನ್ನು ಕೊಂಡರು. ಪ್ಲಾಸ್ಟಿಕ್ಕಿನ ವ್ಯಾಪಾರದಲ್ಲಿ ಹಣ ಸಂಪಾದಿಸಿದವರು. ಮಾತು ಒರಟು, ಲೆಕ್ಕ ಚೊಕ್ಕ. ಆದಾಯವೆಷ್ಟು, ಖರ್ಚೆಷ್ಟು, ತನ್ನ ಕೈಯಿಂದ ಹೋಗುವುದೆಷ್ಟು ಎಂಬುದನ್ನು ಎಲ್ಲರೆದುರಿಗೆ ಹೇಳಿಬಿಡುವ ಸ್ವಭಾವ. ಊರಿನ ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ಸಂಘದ ಕೆಂಪು ಅಂಗಿಗಳನ್ನು ಉಚಿತವಾಗಿ ಹಂಚಿಸಿದರು. ಬರ್ನ್ಲಿ, ಬ್ಲಾಕ್‌ಬರ್ನ್ ಅಂಗಿಗಳ ನಡುವೆ ಈ ಅಂಗಿಯೂ ಬೀದಿಯಲ್ಲಿ ಕಾಣಲೆಂದು!

ಈಗ ೨೦೧೬ರ ಮೇ ಏಳನೆಯ ತಾರೀಖಿನ ಶನಿವಾರದ ವಿಚಾರ. ಋತುವಿನ ಕಟ್ಟಕಡೆಯ ಆಟ. ಸ್ಟಾನ್ಲಿ ಮೂರನೆಯ ಸ್ಥಾನದಲ್ಲಿದೆ; ಸ್ವಂತ ಅಂಗಳದಲ್ಲಿ ಅದೇ ಸ್ಟೀವನೇಜನ್ನು ಗೆದ್ದರೆ ಮೇಲಿನ ದರ್ಜೆ ನಿಶ್ಚಯ. ಬೆನ್ನಿಗೆ ಬ್ರಿಸ್ಟಲ್ ರೋವರ್ಸ್, ತಮ್ಮ ಊರಿನಲ್ಲಿ ಆಡುತ್ತಿದ್ದಾರೆ. ತೊಂಬತ್ತು ನಿಮಿಷ ಮುಗಿಯಿತು. ಸ್ಟಾನ್ಲಿಗೂ ಸ್ಟೀವನೇಜಿಗೂ ಒಂದೂ ಗೋಲಿಲ್ಲ. ಬ್ರಿಸ್ಟಲಿನಲ್ಲಿ ಒಂದಕ್ಕೊಂದು ಸಮ. ಹಾಗೆಯೇ ನಿಂತರೆ ಸ್ಟಾನ್ಲಿಗೆ ಜಯ. ತೊಂಬತ್ತೆರಡನೆಯ ನಿಮಿಷದಲ್ಲಿ, ನೂರಾರು ಮೈಲಿಗಳಾಚೆ, ಬ್ರಿಸ್ಟಲಿನವನೊಬ್ಬ ಕಂಬಕ್ಕೆ ತಗುಲಿ ಹಿಂದಿರುಗಿದ ಚೆಂಡನ್ನು ಒಳಕ್ಕೆ ಹೊಡೆದ. ಎರಡು ಸಂಘಗಳಿಗೂ ಎಂಬತ್ತೈದು ಅಂಕಗಳು. ಹೊಡೆದ ಗೋಲುಗಳಿಂದ ಹೊಡೆಯಿಸಿಕೊಂಡವುಗಳನ್ನು ಕಳೆದ ಲೆಕ್ಕದಲ್ಲಿ ಬ್ರಿಸ್ಟಲ್ ಮುಂದು. ನಲವತ್ತಾರು ಆಟಗಳ ಶ್ರಮವು ಹೀಗೆ ಬೇರೊಂದು ಊರಿನಲ್ಲಿ ಬೇರೊಬ್ಬನ ಕಾಲಿನಿಂದ ನಿರ್ಣಯವಾಯಿತು. ಮುಂದಿನ ಆಟಗಳಲ್ಲಿ ವಿಂಬಲ್ಡನ್ನಿನವರು ಎರಡು ಆಟ ಸೇರಿ ಎರಡಕ್ಕೆ ಮೂರರಂತೆ, ಅದೂ ಹೆಚ್ಚಿನ ವೇಳೆಯಲ್ಲಿ, ಸ್ಟಾನ್ಲಿಯನ್ನು ಸೋಲಿಸಿದರು. ಆಮೇಲೆ ಒಳ್ಳೆಯ ಆಟಗಾರರು ಒಬ್ಬೊಬ್ಬರಾಗಿ ಹೆಚ್ಚಿನ ಸಂಬಳಕ್ಕೆ ಹೊರಟುಹೋದರು. ಯಾರಾದರೂ ಇಲ್ಲಿಗೆ ಸಾಕೆನ್ನುತ್ತಿದ್ದರು.

ಎರಡು ವರ್ಷಗಳ ಮೇಲೆ, ೨೦೧೮ರ ಏಪ್ರಿಲ್ ಹದಿನೇಳರ ಸಂಜೆ, ಯೊವಿಲ್ ಎಂಬ ಸಂಘವನ್ನು ತಮ್ಮ ಅಂಗಳದಲ್ಲಿ ಸೋಲಿಸಿ ಸ್ಟಾನ್ಲಿಯವರು ಮೇಲಿನ ದರ್ಜೆಗೆ ಏರಿದರು. ಋತು ಮುಗಿದಾಗ ತೊಂಬತ್ತಮೂರು ಅಂಕಗಳೊಡನೆ ಪ್ರಥಮ ಸ್ಥಾನ. ಬಿಲ್ಲಿ ಕೀ ಎಂಬ ಆಟಗಾರ ಆ ವರ್ಷ ಲೀಗಿನ ಆಟಗಳಲ್ಲಿಯೇ ಇಪ್ಪತ್ತೈದು ಗೋಲು ಹೊಡೆದಿದ್ದ. ಆ ದರ್ಜೆಯ ಅತಿ ಕಡಿಮೆ ಖರ್ಚಿನ ತಂಡಗಳಲ್ಲಿ ಒಂದು ಎಲ್ಲರಿಗಿಂತ ಮುಂದೆ ನಿಂತದ್ದನ್ನು ಕಂಡು ದೊಡ್ಡ ಪತ್ರಿಕೆಗಳವರು ಆ ಬೆಟ್ಟದ ಊರನ್ನು ಹುಡುಕಿಕೊಂಡು ಬಂದರು. ಹಳೆಯ ಸಂಘ ಮೂರನೆಯ ದರ್ಜೆಯಿಂದ ಬಿದ್ದದ್ದು ೧೯೬೦ರಲ್ಲಿ. ಐವತ್ತೆಂಟು ವರ್ಷಗಳ ಮೇಲೆ ಆ ಹೆಸರು ಅದೇ ದರ್ಜೆಗೆ ಬಂತು. ಏಳನೆಯ ಮೆಟ್ಟಿಲಿನಿಂದ ಮೂರನೆಯದಕ್ಕೆ, ನಾಲ್ಕು ಸಲ ಪ್ರಥಮ ಸ್ಥಾನ ಪಡೆದು, ನಾಲ್ಕು ಸಲವೂ ಒಬ್ಬನೇ ಮ್ಯಾನೇಜರನ ಕೈಯಲ್ಲಿ.

ಅಲ್ಲಿ ಅವರು ನಿಂತದ್ದು ಐದು ವರ್ಷ. ಸಂಡರ್ಲೆಂಡ್, ಪೋರ್ಟ್ಸ್‌ಮತ್ ಮುಂತಾದ, ತಮಗಿಂತ ಎಷ್ಟೋ ಹೆಚ್ಚು ಜನ ಬರುವ ಸಂಘಗಳೊಡನೆ ಸಮನಾಗಿ ಆಡಿದರು. ಹದಿನಾಲ್ಕನೆಯ, ಹದಿನೇಳನೆಯ, ಹನ್ನೊಂದನೆಯ, ಹನ್ನೆರಡನೆಯ ಸ್ಥಾನಗಳನ್ನು ಪಡೆದರು. ನಮ್ಮ ಅಭಿಪ್ರಾಯದಲ್ಲಿ ಮೇಷ್ಟರ ನಿಜವಾದ ದೊಡ್ಡ ಕೆಲಸ ಇದು. ಗೆದ್ದ ಬಿರುದುಗಳಿಗಿಂತ, ತನ್ನ ಯೋಗ್ಯತೆಗೆ ಮೀರಿದ ಕಡೆಯಲ್ಲಿ ಬೀಳದೆ ನಿಲ್ಲುವುದು ಕಷ್ಟತರ. ಆದರೆ ಇದಕ್ಕೆ ಯಾರೂ ಮೆರವಣಿಗೆ ಮಾಡುವುದಿಲ್ಲ. ೨೦೨೩ರ ಜನವರಿಯಲ್ಲಿ ಲೀಡ್ಸ್ ಯುನೈಟೆಡ್ ಕಪ್ಪಿನ ಆಟಕ್ಕೆ ಅಕ್ರಿಂಗ್ಟನ್ನಿಗೆ ಬಂದು ಮೂರು ಗೋಲು ಹೊಡೆದು ಒಂದು ಕೊಟ್ಟು ಹೋಯಿತು. ಅದೇ ಮೇ ತಿಂಗಳಲ್ಲಿ ಸಂಘ ಇಪ್ಪತ್ತಮೂರನೆಯ ಸ್ಥಾನಕ್ಕೆ ಕುಸಿದು ಹಿಂದಿನ ದರ್ಜೆಗೆ ಇಳಿಯಿತು.

ಇಳಿದ ಮನೆಯಲ್ಲಿ ಮಾತು ಬೆಳೆಯುವುದು ಸಹಜ. ಮುಂದಿನ ಋತುವಿನಲ್ಲಿಯೂ ಗೆಲವು ಕೈಗೆ ಹತ್ತಲಿಲ್ಲ; ತಂಡ ಪಟ್ಟಿಯ ಕೆಳಗಿನ ಅರ್ಧದಲ್ಲಿ ಉಳಿಯಿತು. ೨೦೨೪ರ ಮಾರ್ಚಿಯ ಮೊದಲ ವಾರದಲ್ಲಿ ಹೋಲ್ಟರು ಕೋಲ್ಮನ್ ಮತ್ತು ಬೆಲ್ ಇಬ್ಬರನ್ನೂ ಕೆಲಸದಿಂದ ಬಿಡಿಸಿದರು. ಆ ಹೊತ್ತಿಗೆ ಲೀಗಿನ ಸಂಘಗಳಲ್ಲಿ ಒಂದೇ ಕಡೆ ಅತಿ ದೀರ್ಘಕಾಲದಿಂದ ಇದ್ದ ಮ್ಯಾನೇಜರುಗಳಲ್ಲಿ ಕೋಲ್ಮನ್ನರಿಗೆ ಎರಡನೆಯ ಸ್ಥಾನ. ಅಭಿಮಾನಿಗಳು ಎರಡು ಪಂಗಡವಾದರು. ಹಣ ಹಾಕುವವನಿಗೆ ಹಕ್ಕುಂಟೆಂದು ಒಬ್ಬರು. ಹಣವಿಲ್ಲದ ದಿನ ಸಂಘವನ್ನು ಹೊತ್ತವನಿಗೆ ಗೌರವದ ಬೀಳ್ಕೊಡುಗೆಯಾದರೂ ಬೇಡವೆ ಎಂದು ಇನ್ನೊಬ್ಬರು. ಎರಡರಲ್ಲಿಯೂ ನ್ಯಾಯವಿದೆ. ಆದರೆ ಋತು ಮುಗಿಯಲು ಎರಡು ತಿಂಗಳಿತ್ತು. ಅಷ್ಟು ಕಾಯಬಹುದಿತ್ತೆಂದು ನಮಗೆ ಅನಿಸುತ್ತದೆ. ಕೋಲ್ಮನ್ನರ ಕೈಕೆಳಗೆ ತರಬೇತುದಾರರಾಗಿದ್ದ ಜಾನ್ ಡೂಲನ್ನರೇ ಆ ಜಾಗಕ್ಕೆ ಬಂದರು.

ಅರವತ್ತು ದಾಟಿದ ಮೇಷ್ಟರು ಮನೆಯಲ್ಲಿ ಕುಳಿತುಕೊಳ್ಳಲಿಲ್ಲ. ೨೦೨೫ರ ಜನವರಿಯಲ್ಲಿ ಕೆಂಟ್ ಪ್ರಾಂತದ ಜಿಲ್ಲಿಂಗಮ್ ಸಂಘವು ಅವರನ್ನು ಕರೆಯಿತು. ಮಾರ್ಚಿಯಲ್ಲಿಯೇ ಬಿಡುಗಡೆ ಮಾಡಿತು. ಆ ವರ್ಷ ಮೇ ತಿಂಗಳಲ್ಲಿ ಅವರು ಪುನಃ ಐರ್ಲೆಂಡಿನ ಕಡೆಗೆ ಹೊರಟು, ವಾಟರ್ಫರ್ಡ್ ಎಂಬ ರೇವುಪಟ್ಟಣದ ಸಂಘದ ಮ್ಯಾನೇಜರಿಕೆಯನ್ನು ಒಪ್ಪಿಕೊಂಡರು.